ಬೊಟ್ಟು ಬೇಡವೆಂದ ಚಿತ್ರ

ಗೋಡೆಗಳ ಮಾತು ಬಲ್ಲವನು ಈ ಸೀಮೆಯಲ್ಲಿ ನಾನೊಬ್ಬನೇ, ಆದ್ದರಿಂದ ನಂಬಿ. ತುಂಗಜ್ಜಿಯ ಮನೆಯಲ್ಲಿ ಮೊಮ್ಮಗಳು ಒಂದು ಚಿತ್ರ ತೂಗುಹಾಕಿ ಹೋದಳು: ಬರೀ ಬಿಳುಪು, ನಡುವೆ ಒಂದು ನೀಲಿ ಗೆರೆ. ಶುಕ್ರವಾರ ಅಜ್ಜಿ ದೇವರ ಪಟಗಳ ಜೊತೆ ಅದರ ಗಾಜಿಗೂ ಕುಂಕುಮವಿಟ್ಟಳು.

"ಅಯ್ಯೋ, ನಾನು ಮ್ಯೂಸಿಯಂ ದರ್ಜೆಯ ಪ್ರತಿ! ನನ್ನ ಮೇಲೆ ಆ ಗೆರೆಯಲ್ಲದೆ ಬೇರೇನೂ ಇರಕೂಡದು," ಎಂದಿತು ಚಿತ್ರ.

"ಇರಲಿ ಬಿಡು ತಮ್ಮಾ," ಎಂದಿತು ಪಕ್ಕದ ಲಕ್ಷ್ಮಿ ಪಟ. "ಅಜ್ಜಿಗೆ ಕಣ್ಣು ಮಂಜು. ಬೊಟ್ಟು ನೋಡಿಯೇ ನಮ್ಮನ್ನು ಗುರುತು ಹಿಡಿಯುತ್ತಾಳೆ."

ಚಿತ್ರ ಕೇಳಲಿಲ್ಲ. ಒರೆಸುವ ಬಟ್ಟೆಯನ್ನು ಬೇಡಿ ಬೊಟ್ಟು ಅಳಿಸಿಕೊಂಡಿತು.

ಮರುದಿನ ಗೋಡೆಗೆ ಸುಣ್ಣ ಬಳಿಯಲು ಆಳುಗಳು ಪಟಗಳೆಲ್ಲವನ್ನೂ ಕೆಳಗಿಳಿಸಿದರು. ಆಮೇಲೆ ಅಜ್ಜಿ ಬೊಟ್ಟಿದ್ದವನ್ನು ಕಣ್ಣಿಗೊತ್ತಿಕೊಂಡು ಮತ್ತೆ ಮೊಳೆಗೆ ಹಾಕಿಸಿದಳು. ಬೊಟ್ಟಿಲ್ಲದ್ದನ್ನು ಹಲಗೆಯೆಂದುಕೊಂಡು ಅಕ್ಕಿ ಡಬ್ಬದ ಮೇಲೆ ಬೋರಲು ಮುಚ್ಚಿದಳು.

ಆ ಕತ್ತಲಲ್ಲಿ ನೀಲಿ ಗೆರೆಗೆ ಈಗ ಒಂದು ಕಲೆಯೂ ಇಲ್ಲ, ನೋಡುವ ಕಣ್ಣೂ ಇಲ್ಲ.