ಹಾಲಸ್ವಾಮಿ ಮೇಷ್ಟ್ರ ಬೆಲ್ಲದ ಕಾಲಾಳು

ದಾವಣಗೆರೆಯಲ್ಲಿ ಒಂದು ಮಂಡಕ್ಕಿ ಭಟ್ಟಿಯ ಪಕ್ಕಕ್ಕೇ ಹಾಲಸ್ವಾಮಿ ಮೇಷ್ಟ್ರ ಚೆಸ್ ಕೋಣೆ ಇತ್ತು. ಸಂಜೆಯಾದರೆ ಸಾಕು, ಮಕ್ಕಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ನುಗ್ಗುತ್ತಿದ್ದರು. ಹೊರಗೆ ಭಟ್ಟಿಯ ಹೊಗೆ, ಒಳಗೆ ಮಕ್ಕಳ ಗಲಾಟೆ, ನಡುವೆ ಮೇಷ್ಟ್ರ ಗದರಿಕೆ.

ಆ ಕೋಣೆಗೆ ಒಂದು ಪದ್ಧತಿ. ಹೊಸದಾಗಿ ಸೇರಿದ ಮಗುವನ್ನು ಮೇಷ್ಟ್ರು ಬಿಳಿ ಕಾಯಿಗಳ ಹಿಂದೆ ಕೂರಿಸುತ್ತಿದ್ದರು. ಮೊದಲ ನಡೆಗೆ ರಾಜನ ಮುಂದಿನ ಕಾಲಾಳು. ಎರಡನೆಯ ನಡೆಗೆ ಅದರ ಪಕ್ಕದ ಕಾಲಾಳನ್ನು ಎರಡು ಮನೆ ನೂಕಿ, ‘ತಗೋ, ತಿನ್ನು’ ಎಂದು ಎದುರಾಳಿಯ ಬಾಯಿಗೇ ಕೊಡುವುದು. ಕೊಟ್ಟ ಕೂಡಲೇ ಮೇಷ್ಟ್ರು ಆ ಮಗುವಿನ ಬಾಯಿಗೆ ಒಂದು ಚೂರು ಬೆಲ್ಲ ಹಾಕುತ್ತಿದ್ದರು.

“ಒಂದು ಕಾಲಾಳು ತಾನೆ, ಹೋದರೆ ಹೋಗಲಿ. ದಾರಿ ತೆರೀತು ನೋಡು! ಇನ್ನು ನುಗ್ಗು!”

ಪ್ರಾಯದಲ್ಲಿ ಮೇಷ್ಟ್ರು ಹೀಗೆ ನುಗ್ಗಿ ನುಗ್ಗಿಯೇ ಹೆಸರು ಮಾಡಿದವರು. ಅದಕ್ಕೇ ಅಲ್ಲಿ ಬಿಳಿ ಹಿಡಿದವರು ಯಾರೇ ಆಗಲಿ, ಆ ಕಾಲಾಳನ್ನು ಕೊಡಲೇಬೇಕು. ಕೊಡದಿದ್ದರೆ ತಿಂದ ಬೆಲ್ಲಕ್ಕೆ ದ್ರೋಹ ಮಾಡಿದಂತೆ.

ನೀಲಾಂಬಿಕೆ ಎಂಬ ಹುಡುಗಿಯೂ ಆ ಬೆಲ್ಲ ತಿಂದವಳೇ. ಎಲ್ಲರಿಗೂ ಅವಳು ನೀಲಾ. ಅವಳ ಜೊತೆಗೇ ಸೇರಿದ ತಿಪ್ಪೇಶ ಎಂಬ ಹುಡುಗ ಕಾಲಾಳು ಕೊಟ್ಟು, ಕುದುರೆ ಹಾರಿಸಿ, ಬೇಕೆಂದರೆ ಆನೆಯನ್ನೂ ಬಲಿಕೊಟ್ಟು, ಎದುರಿನ ರಾಜನನ್ನು ಮೂಲೆಗೆ ಅಟ್ಟಿ ಹೊಡೆಯುತ್ತಿದ್ದ. ನೋಡುತ್ತ ನಿಂತರೆ ನೀಲಾಗೆ ಮೈ ಜುಂ ಎನ್ನುತ್ತಿತ್ತು. ಆಡಿದರೆ ಹೀಗೆ ಆಡಬೇಕಪ್ಪಾ ಎಂದುಕೊಂಡು ಅವಳೂ ಕಾಲಾಳು ಕೊಡುತ್ತಿದ್ದಳು. ಕೊಟ್ಟ ಮೇಲೆ ನುಗ್ಗುತ್ತಿದ್ದಳೇ? ಎಲ್ಲಿ ಬಂತು! ಮೊದಲು ರಾಜನನ್ನು ಭದ್ರ ಮಾಡೋಣ, ಒಂಟೆಗೆ ಒಳ್ಳೆಯ ಜಾಗ ಹುಡುಕೋಣ, ಆಮೇಲೆ ನುಗ್ಗಿದರಾಯಿತು ಎಂದು ಕೂರುತ್ತಿದ್ದಳು. ಅಷ್ಟರಲ್ಲಿ ಎದುರಾಳಿ ತಿಂದ ಕಾಲಾಳನ್ನು ಅರಗಿಸಿಕೊಂಡು ಗಟ್ಟಿಯಾಗಿರುತ್ತಿದ್ದ. ಇವಳ ಕಡೆ ಒಂದು ಕಾಲಾಳು ಕಡಿಮೆ, ರಾಜನ ಪಕ್ಕದ ಬಾಗಿಲು ಬೇರೆ ಹಾರು ಹೊಡೆದಿದೆ. ಸೋಲು ಕಟ್ಟಿಟ್ಟ ಬುತ್ತಿ.

ಹಿಂದಿನ ವರ್ಷ ಜಿಲ್ಲಾ ತಂಡದ ಆಯ್ಕೆಯಲ್ಲಿ ಕೊನೆಯ ಆಟದವರೆಗೂ ಬಂದು, ಬಿಳಿ ಹಿಡಿದು ಸೋತು, ಹೊರಗೆ ಉಳಿದಿದ್ದಳು. ಈ ವರ್ಷದ ಆಯ್ಕೆ ಹತ್ತಿರ ಬಂದಾಗ ಅಜ್ಜಿಯ ಹತ್ತಿರ ಅತ್ತೇಬಿಟ್ಟಳು. “ಈ ಸಲವೂ ಆಗಲಿಲ್ಲ ಅಂದ್ರೆ ನಾನು ಬೋರ್ಡು ಮುಟ್ಟಲ್ಲ ಅಜ್ಜಿ.” ಸುಮ್ಮನೆ ಆಡಿದ ಮಾತಲ್ಲ ಅದು. ಆ ಆಟವೆಂದರೆ ಅವಳಿಗೆ ಊಟ ನಿದ್ದೆಗಿಂತ ಹೆಚ್ಚು.

ಅಜ್ಜಿ ಬಿಟ್ಟಾಳೆಯೇ? ಒಣ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. “ನೋಡು, ಒಂಚೂರೂ ಘಾಟಿಲ್ಲ. ಯಾರದ್ದೋ ಕೆಟ್ಟ ಕಣ್ಣು ಜೋರಾಗೇ ಬಿದ್ದಿದೆ” ಎಂದಳು, ಕೆಮ್ಮುತ್ತಲೇ.

ನೀಲಾಗೆ ನಗು ಬಂತು. ಆದರೆ ನಗುವಿನ ಹಿಂದೆಯೇ ಒಂದು ಪ್ರಶ್ನೆ ಬಂದು ಕೂತಿತು. ಕಣ್ಣು ಬಿದ್ದಿದ್ದರೆ ಎರಡೂ ಬಣ್ಣಕ್ಕೆ ಬೀಳಬೇಕಲ್ಲ? ಕಪ್ಪು ಹಿಡಿದಾಗ ನಾನು ಗೆಲ್ಲುತ್ತೀನಿ. ಬಿಳಿ ಹಿಡಿದಾಗಲೇ ಸೋಲುತ್ತೀನಿ. ಮೊದಲು ನಡೆಸುವ ಬಿಳಿಯೇ ಮೇಲು ಅಂತ ಲೋಕವೆಲ್ಲ ಹೇಳುತ್ತದೆ, ನನಗೆ ಮಾತ್ರ ಯಾಕೆ ತಿರುಗುಮುರುಗು?

ಮರುದಿನ ನೇರವಾಗಿ ಮೇಷ್ಟ್ರನ್ನೇ ಕೇಳಿದಳು.

ಮೇಷ್ಟ್ರು ಮೊದಲು ಸಿಡಿದರು. “ನುಗ್ಗೋ ಕಡೆ ನುಗ್ಗಲ್ಲ ನೀನು. ಧೈರ್ಯ ಸಾಲದು, ಅಷ್ಟೇ.” ಆಮೇಲೆ ಬೆರಳು ಮಡಚಿ ಅವಳ ಆಟಗಳನ್ನು ಎಣಿಸಿದರು. ಹುಡುಗಿ ಹೇಳಿದ್ದು ಲೆಕ್ಕಕ್ಕೆ ಸರಿಯಾಗೇ ಇತ್ತು. ಕಪ್ಪು ಕಾಯಿಗೆ ಆ ಕೋಣೆಯಲ್ಲಿ ಯಾವ ಪದ್ಧತಿಯೂ ಇರಲಿಲ್ಲ, ಅಲ್ಲಿ ಅವಳು ತನಗೆ ತೋಚಿದಂತೆ ಆಡುತ್ತಿದ್ದಳು. ಮೇಷ್ಟ್ರಿಗೆ ಕೋಪ ಎಷ್ಟು ಬೇಗ ಬರುತ್ತಿತ್ತೋ ಕುತೂಹಲವೂ ಅಷ್ಟೇ ಬೇಗ ಬರುತ್ತಿತ್ತು. ಅದು ಅವರ ದೊಡ್ಡ ಗುಣ.

“ಕೂತ್ಕೋ. ಬಿಳಿ ತಗೋ. ಆ ಕಾಲಾಳು ಕೊಡಬೇಡ. ನಿಂಗೆ ಹೆಂಗೆ ಬೇಕೋ ಹಂಗೆ ಆಡು, ನೋಡೋಣ.”

ನೀಲಾ ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದಳು. ಒಂಟೆಯನ್ನು ಹೊರಗೆ ತಂದಳು. ಅದರ ಹಿಂದೆ ಕಾಲಾಳುಗಳನ್ನು ಒಂದಕ್ಕೊಂದು ಆಸರೆ ಕೊಟ್ಟು ಬೇಲಿಯ ಹಾಗೆ ನಿಲ್ಲಿಸಿದಳು. ಮೇಷ್ಟ್ರು ಎಡದಿಂದ ನುಗ್ಗಿದರು, ಬಲದಿಂದ ನುಗ್ಗಿದರು, ಎಲ್ಲೂ ಸಂದಿಲ್ಲ. ಭಟ್ಟಿಯವರು ಬಾಗಿಲು ಎಳೆದುಕೊಂಡು ಹೋದರೂ ಆಟ ಮುಗಿಯಲಿಲ್ಲ. ಕೊನೆಗೆ ಮೇಷ್ಟ್ರೇ ಡ್ರಾ ಎಂದು ಕೈ ಚಾಚಿದರು.

“ಭಲೇ!” ಎಂದರು. “ನಾಳೆಯಿಂದ ಎಲ್ಲರೂ ಹೀಗೇ ಆಡಬೇಕು!”

ನೋಡಿ, ಮೇಷ್ಟ್ರು ಎಡವಿದ್ದು ಇಲ್ಲೇ. ಒಂದು ಹಗ್ಗ ಬಿಚ್ಚಿ ಇನ್ನೊಂದು ಹಗ್ಗ ಕಟ್ಟಿದರು. ವಾರ ಕಳೆಯುವುದರೊಳಗೆ ತಿಪ್ಪೇಶ ಚಿಲ್ಟಾರಿಗಳ ಕೈಲೂ ಸೋಲತೊಡಗಿದ. ಬೇಲಿ ಕಟ್ಟುತ್ತ ಆಕಳಿಸುತ್ತಿದ್ದ, ತಾಳ್ಮೆ ಕೆಟ್ಟು ತಾನೇ ಬೇಲಿ ಹಾರಿ ಸಿಕ್ಕಿಬೀಳುತ್ತಿದ್ದ.

“ಮೇಷ್ಟ್ರೇ, ಉಸಿರು ಕಟ್ಟುತ್ತೆ ನಂಗೆ” ಎಂದು ಗೋಗರೆದ.

ಮೇಷ್ಟ್ರು ತಲೆ ಕೆರೆದುಕೊಂಡರು. ಅದೇ ನಡೆ, ಒಬ್ಬಳಿಗೆ ಕೋಟೆ, ಇನ್ನೊಬ್ಬನಿಗೆ ಜೈಲು. ಇದೇನು ವಿಚಿತ್ರ?

ಶನಿವಾರ ಕೋಣೆಯಲ್ಲಿ ಮಂಡಕ್ಕಿ, ಮಿರ್ಚಿ ಬಜ್ಜಿ ತರಿಸುವುದು ರೂಢಿ. ಎಲ್ಲರೂ ಪೇಪರ್ ಹಾಸಿಕೊಂಡು ಕೂತಿದ್ದರು. ನೀಲಾ ತಿಪ್ಪೇಶನನ್ನೇ ನೋಡುತ್ತಿದ್ದಳು. ಅವನು ಮೊದಲ ತುತ್ತಿಗೇ ಬಿಸಿ ಮಿರ್ಚಿಯನ್ನು ಅರ್ಧಕ್ಕೆ ಕಚ್ಚಿ, ಕಣ್ಣಲ್ಲಿ ನೀರು ಸುರಿಸುತ್ತ, ಹಾ ಹೂ ಎನ್ನುತ್ತ ಖುಷಿಪಡುತ್ತಿದ್ದ. ತನ್ನ ಮುಂದೆ ನೋಡಿಕೊಂಡಳು. ಮಂಡಕ್ಕಿಯೊಳಗಿನ ಶೇಂಗಾ ಬೀಜವನ್ನೆಲ್ಲ ಆರಿಸಿ ಪಕ್ಕಕ್ಕೆ ಇಟ್ಟಿದ್ದಳು.

“ಮೇಷ್ಟ್ರೇ, ಇಲ್ನೋಡಿ” ಎಂದಳು. “ನಾನು ಶೇಂಗಾ ಕೊನೆಗೆ ಇಟ್ಕೋತೀನಿ. ಅವನು ಮಿರ್ಚಿ ಮೊದಲೇ ಕಚ್ತಾನೆ. ಯಾರೂ ಹೇಳಿಕೊಟ್ಟಿಲ್ಲ ನಮಗೆ.”

“ಅದಕ್ಕೇನೀಗ?”

“ಆಟನೂ ಹಂಗೇ ಇರಬಹುದಲ್ವಾ?”

ಮೇಷ್ಟ್ರು ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಇಬ್ಬರನ್ನೂ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಯ್ಯೋ ಶಿವನೇ! ಇಷ್ಟು ವರ್ಷ ಬೋರ್ಡು ನೋಡಿದೆ, ಬೋರ್ಡಿನ ಹಿಂದೆ ಕೂತವರ ಮುಖ ನೋಡಲಿಲ್ಲವಲ್ಲ!” ನಗು ನಿಂತಾಗ ಅವರ ಮುಖ ಸಪ್ಪಗಾಯಿತು. ಬೆಲ್ಲ ತಿಂದು, ಕಾಲಾಳು ಕೊಟ್ಟು, ಸೋತು ಸೋತು ಕೋಣೆಗೆ ಬರುವುದನ್ನೇ ಬಿಟ್ಟ ಮಕ್ಕಳು ಒಬ್ಬೊಬ್ಬರಾಗಿ ನೆನಪಾಗುತ್ತಿದ್ದರು. ಅವರನ್ನೆಲ್ಲ ಧೈರ್ಯವಿಲ್ಲದವರು ಎಂದು ಬೈದು ಕಳಿಸಿದ್ದರು.

ಆಯ್ಕೆಯ ದಿನ ಬಂತು. ತಿಪ್ಪೇಶ ತನ್ನ ಹಳೆಯ ಕಾಲಾಳನ್ನೇ ಕೊಟ್ಟು, ನುಗ್ಗಿ, ಗೆದ್ದು, ಮಧ್ಯಾಹ್ನಕ್ಕೇ ತಂಡ ಸೇರಿ, ಮಿರ್ಚಿ ಅಂಗಡಿ ಎಲ್ಲಿದೆ ಎಂದು ವಿಚಾರಿಸುತ್ತಿದ್ದ. ನೀಲಾಗೆ ಕೊನೆಯ ಆಟ ಉಳಿದಿತ್ತು. ಗೆದ್ದರೆ ತಂಡಕ್ಕೆ, ಇಲ್ಲದಿದ್ದರೆ ಮನೆಗೆ. ಬಂದದ್ದು ಬಿಳಿ ಕಾಯಿ.

ಬೋರ್ಡಿನ ಮುಂದೆ ಕೂತಾಗ ಅವಳ ಕೈ ಅಭ್ಯಾಸಬಲದಿಂದ ರಾಜನ ಮುಂದಿನ ಕಾಲಾಳಿನ ಹತ್ತಿರ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟುವ ಆಟ ಅದು, ಈಗಲೂ ಅವಳಿಗೆ ಆಸೆ. ಒಂದು ಗಳಿಗೆ ಹಾಗೇ ಇದ್ದು ಕೈ ಹಿಂದಕ್ಕೆ ತಂದಳು. ಮಂತ್ರಿಯ ಮುಂದಿನ ಕಾಲಾಳನ್ನು ನಡೆಸಿದಳು.

ಆಟ ಬಹಳ ಹೊತ್ತು ನಡೆಯಿತು. ನೋಡಲು ನಿಂತವರು ಬೇಸರವಾಗಿ ಬೇರೆ ಬೋರ್ಡಿಗೆ ಹೋದರು. ನೀಲಾಗೆ ಬೇಸರವೇ ಇಲ್ಲ. ಎದುರು ಕೂತ ಹುಡುಗಿಯ ಒಂದು ಕಾಲಾಳು ಆಸರೆ ತಪ್ಪಿ ಒಂಟಿಯಾಗಿ ನಿಂತಿತ್ತು. ಯಾವಾಗ ಬೇಕಾದರೂ ಹೊಡೆಯಬಹುದು. ಹೊಡೆಯಲಿಲ್ಲ. ಮೊದಲು ಕುದುರೆಯ ದಾರಿ ಮುಚ್ಚಿದಳು, ಆಮೇಲೆ ಆನೆಯ ದಾರಿ ಮುಚ್ಚಿದಳು. ಆ ಹುಡುಗಿಗೆ ನಡೆಸಲು ಒಳ್ಳೆಯ ನಡೆಯೇ ಉಳಿಯದಾದಾಗ, ಶೇಂಗಾ ಎತ್ತಿಕೊಂಡಂತೆ ಆ ಕಾಲಾಳನ್ನು ಎತ್ತಿಕೊಂಡಳು. ಎದುರಿನ ಹುಡುಗಿ ಬೋರ್ಡನ್ನೇ ನೋಡಿ ನೋಡಿ, ಸೋತೆ ಎಂದು ಕೈ ಚಾಚಿದಳು.

ಹೊರಗೆ ಮೇಷ್ಟ್ರು ಅತ್ತಿಂದಿತ್ತ ಓಡಾಡುತ್ತಿದ್ದರು. ನೀಲಾ ಓಡಿ ಬಂದು, “ಗೆದ್ದೆ ಮೇಷ್ಟ್ರೇ! ಆದ್ರೆ ನಿಮ್ಮ ಕಾಲಾಳು ಕೊಡಲಿಲ್ಲ” ಎಂದಳು. ಕೊನೆಯ ಮಾತಿಗೆ ದನಿ ಇಳಿಯಿತು.

ಮೇಷ್ಟ್ರು ಜೇಬಿನಿಂದ ಬೆಲ್ಲದ ಚೂರು ತೆಗೆದು ಅವಳ ಬಾಯಿಗೆ ಹಾಕಿದರು.

“ಅವತ್ತು ಕೊಟ್ಟಿದ್ದು ನನ್ನ ಆಟಕ್ಕೆ ಕಣಮ್ಮ. ಇದು ನಿನ್ನ ಆಟಕ್ಕೆ.”

ಅಂದಿನಿಂದ ಆ ಕೋಣೆಯಲ್ಲಿ ಸೇರಿದ ದಿನವೇ ಬೆಲ್ಲ ಸಿಗುವುದಿಲ್ಲ. ಮಗು ಹತ್ತಾರು ಬಗೆಯಲ್ಲಿ ಆಡಿ, ಸೋತು, ಗೆದ್ದು, ‘ಮೇಷ್ಟ್ರೇ, ಇದು ನಂಗೆ ಒಗ್ಗುತ್ತೆ’ ಎಂದು ಬಂದು ಹೇಳಿದ ದಿನ ಸಿಗುತ್ತದೆ.

ನೀತಿ: ಗುರುವಿನಿಂದ ಕಲಿಯಬೇಕಾದದ್ದು ವಿದ್ಯೆಯನ್ನು, ಅವರ ಸ್ವಭಾವವನ್ನಲ್ಲ. ನುಗ್ಗುವವನೂ ಗೆಲ್ಲುತ್ತಾನೆ, ಕಾಯುವವಳೂ ಗೆಲ್ಲುತ್ತಾಳೆ. ನಾವು ಮೆಚ್ಚುವ ಆಟ ಬೇರೆ, ನಮಗೆ ಒಗ್ಗುವ ಆಟ ಬೇರೆ ಇರಬಹುದು. ಮೊದಲ ಹೆಜ್ಜೆ ಇಡುವ ಮುನ್ನ ಅದನ್ನು ತಿಳಿದುಕೊಳ್ಳಿ.