ಉಜ್ಜದೆ ಉಳಿದ ಕಲ್ಲು

ಗೃಹಸ್ಥನೊಬ್ಬನು ತನ್ನ ಮನೆಯಲ್ಲಿ ಬಹುಕಾಲದಿಂದ ನೆಲೆಗೊಂಡಿದ್ದ ಉಪ್ಪುನೀರಿನ ಗಾಜಿನ ತೊಟ್ಟಿಯನ್ನು ಹೊಸದಾಗಿಸಲು ಹೊರಟನು. ಮೀನು, ಏಡಿ, ಹವಳ, ಕಡಲಕಲ್ಲುಗಳನ್ನೆಲ್ಲ ಉಪ್ಪುನೀರಿನ ಟಬ್ಬಿಗೆ ಇಳಿಸಿ, ಕಲ್ಲುಗಳನ್ನು ಒಂದೊಂದಾಗಿ ನಲ್ಲಿಯ ಸಿಹಿನೀರಿನಲ್ಲಿ ಉಜ್ಜತೊಡಗಿದನು.

“ಅಂತೂ ಕೊಳೆ ತೊಲಗಿತು. ಇಷ್ಟು ದಿನ ಇದರಲ್ಲಿ ಹೇಗೆ ಬಾಳಿದಿರಿ, ಅಜ್ಜ?” ಎಂದಿತು ಹೊಸದಾಗಿ ಬಂದಿದ್ದ ನೀಲಿಮೀನು.

ಮುದಿ ಏಡಿಗೆ ರೇಗಿತು. “ಅಯ್ಯಾ, ಬೆಳಗಿನಿಂದ ಹೇಳುತ್ತಲೇ ಇದ್ದೇನೆ. ಆ ಕೊಳೆಯಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ. ನೀನು ತಿಂದು ಬಿಟ್ಟ ಹೊಲಸನ್ನು ಉಂಡು ನೀರನ್ನು ಕಾಯುವವು ಅವೇ. ಸಿಹಿನೀರು ತಾಕಿದರೆ ಮೊದಲು ಅವು ಸಾಯುತ್ತವೆ, ಆಮೇಲೆ ನಾವು.”

“ಮುದುಕರಿಗೆ ಕೊಳೆಯೂ ಕುಲದೇವರೇ,” ಎಂದು ಮೀನು ಬಾಲವಾಡಿಸಿತು.

ಇದರೊಡನೆ ವಾದಿಸಿ ಫಲವಿಲ್ಲವೆಂದು ಏಡಿಯು ಉಳಿದಿದ್ದ ಕೊನೆಯ ಕಲ್ಲಿನ ಬಿರುಕನ್ನು ಹೊಕ್ಕು ಕಾಲೂರಿ ಕುಳಿತಿತು. ಯಜಮಾನನು ಎಳೆದನು, ಗದರಿದನು, ಅದು ಕದಲಲಿಲ್ಲ. ಬೇಸತ್ತ ಆತನು ಆ ಕಲ್ಲನ್ನು ಉಜ್ಜದೆಯೇ ತೊಟ್ಟಿಗೆ ಇಳಿಸಿದನು.

ಹೊಸ ನೀರು, ಹೊಸ ಮರಳು, ಬೆಳ್ಳಗೆ ಹೊಳೆಯುವ ಕಲ್ಲುಗಳ ನಡುವೆ ಮೀನು ಮೆರೆಯಿತು. ಕೆಲವೇ ದಿನಗಳಲ್ಲಿ ನೀರಿಗೆ ವಿಷವೇರಿ, ಮೀನಿನ ಕಿವಿರುಗಳು ಉರಿದು, ಅದು ತಳದಲ್ಲಿ ಒರಗಿ ಬಿದ್ದಿತು. ಅಷ್ಟರಲ್ಲಿ ಏಡಿಯ ಕಲ್ಲಿನ ಜೀವಗಳು ಮೆಲ್ಲಮೆಲ್ಲನೆ ಉಳಿದ ಕಲ್ಲುಗಳಿಗೂ ಹಬ್ಬಿದವು. ನೀರು ಸರಿಹೋಯಿತು, ಮೀನು ಬದುಕಿಕೊಂಡಿತು.

ಚೇತರಿಸಿಕೊಂಡೊಡನೆ ಅದು ತೊಟ್ಟಿಯನ್ನೊಮ್ಮೆ ಸುತ್ತಿ ಬಂದು, “ನೋಡಿದಿರಾ ಅಜ್ಜ, ಆ ಒಂದು ಕೊಳಕು ಕಲ್ಲನ್ನು ಉಳಿಸಿದ್ದಕ್ಕೆ ನನಗೆ ಎಂಥ ಕಾಯಿಲೆ ಬಂತು,” ಎಂದಿತು.

ಏಡಿಯು ಬಿರುಕಿನೊಳಗೆ ಇನ್ನೂ ಬಿಗಿಯಾಗಿ ಕಾಲೂರಿತು. ಕಲ್ಲನ್ನು ಬಿಟ್ಟು ಇಳಿಯಲಿಲ್ಲ.