ಮುನ್ನೂರ ಹನ್ನೆರಡು ಕಡತಗಳ ಪಟ್ಟಿ

ಫಕೀರೇಶ ಆಶ್ರಮಕ್ಕೆ ಬಂದದ್ದು ಜ್ಞಾನ ಬೇಕೆಂದು. ಸಿಕ್ಕಿದ್ದು ಕಂಪ್ಯೂಟರು.

ಇಂಟರ್ನೆಟ್ಟು ಇನ್ನೂ ಊರು ಮುಟ್ಟದ ಕಾಲ. ಮಲಪ್ರಭೆಯ ದಂಡೆಯ ಆ ಆಶ್ರಮಕ್ಕೆ ಯಾರೋ ಭಕ್ತರು ಒಂದು ಕಂಪ್ಯೂಟರನ್ನೂ ಅದನ್ನು ಫೋನಿಗೆ ಜೋಡಿಸುವ ಮೋಡೆಮನ್ನೂ ಕೊಟ್ಟಿದ್ದರು. ದೂರದವರು ತಮ್ಮ ಕಂಪ್ಯೂಟರಿನಿಂದ ಆ ನಂಬರಿಗೆ ಫೋನು ಹಚ್ಚಿದರೆ ಆಶ್ರಮದ ಬುಲೆಟಿನ್ ಬೋರ್ಡು ತೆರೆಯಬೇಕು. ಅಲ್ಲಿನ ಹಳೆಯ ತಾಳೆಗರಿ ಓಲೆಗಳ ಪಟ್ಟಿ ನೋಡಿ, ಬೇಕಾದ್ದನ್ನು ಅವರು ಇಳಿಸಿಕೊಳ್ಳಬೇಕು.

ಓಲೆಗಳನ್ನು ಪೇಟೆಯ ಟೈಪಿಸ್ಟರು ಬಂದು ಕಡತ ಮಾಡಿ ಹೋಗಿದ್ದರು. ಬೆರಳಿಂದ ಓದಿದರು, ತಲೆಯಿಂದ ಓದಲಿಲ್ಲ. ಒಟ್ಟು ಮುನ್ನೂರ ಹನ್ನೆರಡು ಕಡತ. ಪಟ್ಟಿ ಮಾತ್ರ ಆಗಿರಲಿಲ್ಲ.

"ಪಟ್ಟಿ ಮಾಡೋದಕ್ಕೂ ಒಂದ ಪ್ರೋಗ್ರಾಮ್ ಐತಂತ. ಅದನ್ನ ಹೊಂದಿಸು," ಎಂದರು ಗುರುಗಳಾದ ಮರುಳಜ್ಜಾರು. "ಪಟ್ಟಿ ಆದ ದಿನಾ ನಿನ್ನ ಪಾಠ ಸುರು."

ಎರಡು ದಿನದ ಕೆಲಸ ಎಂದುಕೊಂಡ ಫಕೀರೇಶ.

ಆ ಪ್ರೋಗ್ರಾಮು ಹಟಮಾರಿ. ಪ್ರತಿ ಕಡತಕ್ಕೂ ಒಂದು ವಿವರ ಬೇಕು, ಅದೂ ನಲವತ್ತೈದು ಅಕ್ಷರದೊಳಗೆ. ವಿವರವಿಲ್ಲದ ಕಡತವನ್ನು ಅದು ಪಟ್ಟಿಗೆ ಸೇರಿಸುವುದೇ ಇಲ್ಲ. ಮುನ್ನೂರ ಹನ್ನೆರಡನ್ನೂ ಓದುತ್ತ ಕೂರುವವರು ಯಾರು? ಫಕೀರೇಶ ಜಾಣ. ಜಾಣರಿಗೆ ಓದುವ ಸೋಮಾರಿತನ ತುಸು ಹೆಚ್ಚೇ. ಪ್ರತಿ ಕಡತದ ಮೊದಲ ಸಾಲನ್ನೇ ವಿವರವಾಗಿ ಎತ್ತಿಕೊಳ್ಳುವಂತೆ ಪ್ರೋಗ್ರಾಮನ್ನು ಹೊಂದಿಸಿ, ಅಜ್ಜಾರನ್ನು ಕರೆತಂದ.

ಅಜ್ಜಾರು ಕನ್ನಡಕ ಏರಿಸಿ ನೋಡಿದರು.

ಮೊದಲ ಕಡತ: ಶ್ರೀ ಗುರುಬಸವಲಿಂಗಾಯ ನಮಃ.

ಎರಡನೆಯದು: ಶ್ರೀ ಗುರುಬಸವಲಿಂಗಾಯ ನಮಃ.

ಮೂರನೆಯದೂ ಅದೇ. ಮುನ್ನೂರ ಹನ್ನೆರಡನೆಯದೂ ಅದೇ. ಗುರುವಿಗೆ ನಮಸ್ಕಾರ ಹೇಳದೆ ಓಲೆಗೆ ಅಕ್ಷರ ಕೊರೆಯುವ ಕಂಠ ಊರಿದವರು ಆ ಸೀಮೆಯಲ್ಲಿ ಯಾರಿದ್ದಾರೆ?

"ನಿನ್ನ ಕಂಪ್ಯೂಟರಿಗೆ ಭಾಳ ಭಕ್ತಿ ಐತಿ ನೋಡು," ಎಂದು ಹೇಳಿ ಅಜ್ಜಾರು ಎದ್ದು ಹೋದರು.

ಫಕೀರೇಶನ ಕಿವಿ ಕೆಂಪಾಯಿತು. ಮರುದಿನ ಕಡೆಯ ಸಾಲನ್ನು ಎತ್ತಿಕೊಳ್ಳಲು ಹೇಳಿದ. ಪಟ್ಟಿಯ ಉದ್ದಕ್ಕೂ ಒಂದೇ ಮಾತು ಬಂತು: ಮಂಗಳ ಮಹಾಶ್ರೀ.

"ಎಲ್ಲಾ ಮುಗದ ಹೋಗ್ಯಾವಲ್ಲೋ! ಒಂದೂ ಸುರುನ ಆಗಿಲ್ಲ," ಎಂದರು ಅಜ್ಜಾರು.

ಮೂರನೆಯ ದಿನ ಹಲ್ಲು ಕಚ್ಚಿಕೊಂಡು ಹತ್ತನೆಯ ಸಾಲನ್ನು ಹಿಡಿದ. ಈಗ ಎಲ್ಲವೂ ಬೇರೆಬೇರೆ. ಆದರೆ ಒಂದಕ್ಕೂ ತಲೆಯಿಲ್ಲ, ಬಾಲವಿಲ್ಲ. 'ಎರಡು ಬೊಗಸೆ ನೀರಿಗೆ ಒಂದು.' 'ಎಂದು ಕೇಳಲು ಆ ಹೆಣ್ಣುಮಗಳು ನಕ್ಕು.'

ಅಜ್ಜಾರು ಅದರ ಮೇಲೆ ಬೆರಳಿಟ್ಟರು. "ಈಕಿ ಯಾಕ ನಕ್ಕಳು?"

"ನನಗೇನ ಗೊತ್ತರಿ?"

"ಫೋನ್ ಹಚ್ಚಿದವರು ಕೇಳತಾರಲ್ಲ."

"ಅವರೇನೂ ಕೇಳಂಗಿಲ್ರಿ, ಇಳಿಸ್ಕೊಂಡ ಹೋಗತಾರ!"

"ನಾ ಕೇಳಾಕತ್ತೇನಲ್ಲೋ."

ಫಕೀರೇಶನಿಗೆ ಸಾಕಾಗಿ ಹೋಯಿತು. "ಅಜ್ಜಾರ, ನಾ ಇಲ್ಲಿ ಗುಮಾಸ್ತಿಕಿ ಮಾಡಾಕ ಬಂದಿಲ್ರಿ. ಮನಿ ಬಿಟ್ಟ ಬಂದು ಐದ ತಿಂಗಳಾತು. ಒಂದ ಅಕ್ಷರ ಕಲಿಸಿಲ್ಲ ನೀವು. ಪಾಠ ಯಾವಾಗರಿ?"

"ಪಟ್ಟಿ ಆತೇನು?"

ಇನ್ನು ಈ ಮನುಷ್ಯನ ಹತ್ತಿರ ಮಾತಾಡಿ ಉಪಯೋಗವಿಲ್ಲ. ಕುರ್ಚಿಯನ್ನು ದರದರ ಎಳೆದುಕೊಂಡು ಫಕೀರೇಶ ಮೊದಲನೆಯ ಕಡತ ತೆರೆದ. ಸಿಟ್ಟಿನಲ್ಲೇ ಓದಿದ. ದಿನಕ್ಕೆ ಎರಡು, ಮೂರು. ದನದ ಮದ್ದು, ಮಳೆಯ ಲೆಕ್ಕ, ಹಾಡು, ಜಗಳ. ಹೆಣ್ಣುಮಗಳು ನಕ್ಕದ್ದು ಏಕೆಂದೂ ತಿಳಿಯಿತು. ದೇವರೆಲ್ಲಿದ್ದಾನೆ ಎಂದು ಕೇಳಿದವನ ಹೆಗಲ ಮೇಲೆ ಅವನದೇ ಕೂಸು ನಿದ್ದೆ ಮಾಡುತ್ತಿತ್ತು. ಅದನ್ನು ನಲವತ್ತೈದು ಅಕ್ಷರದಲ್ಲಿ ಕೂರಿಸಲು ಫಕೀರೇಶನಿಗೆ ಅರ್ಧ ದಿನ ಹಿಡಿಯಿತು. ಪ್ರೋಗ್ರಾಮು ಕಡೆಯ ಎರಡು ಅಕ್ಷರ ಕತ್ತರಿಸಿ ಬಿಸಾಕಿತು. ಮತ್ತೆ ಬರೆದ.

ನಾಲ್ಕು ತಿಂಗಳು ಕಳೆದವು. ಮುನ್ನೂರ ಒಂಬತ್ತನೆಯ ಕಡತಕ್ಕೆ ಬಂದ. ಇದೊಂದಾದರೆ ಇನ್ನು ಮೂರೇ ಬಾಕಿ, ಆಮೇಲೆ ಪಾಠ.

ಆ ಕಡತ ಹೊಳಿಯಜ್ಜನದು. ಆ ದಂಡೆಗೆ ಮೊಟ್ಟಮೊದಲು ಬಂದು ಕೂತ ಸಾಧು ಆತ. ಅಂಗಳದ ನಡುವೆ ಎತ್ತರದ ಕಟ್ಟೆಯ ಮೇಲೆ ಇರುವ ಗದ್ದುಗೆ ಆತನ ಸಮಾಧಿ. ಸೋಮವಾರ ಜನ ಅದಕ್ಕೆ ಕಾಯಿ ಒಡೆಸುತ್ತಾರೆ. ಪಕ್ಕದಲ್ಲಿ ಕೂತ ಮರುಳಜ್ಜಾರ ಕಾಲಿಗೆ ಬಿದ್ದು ವಿಭೂತಿ ಪಡೆಯುತ್ತಾರೆ.

ಅದರಲ್ಲೊಂದು ಕಡೆ ಹೊಳಿಯಜ್ಜ ಬರೆದಿದ್ದ:

'ನಾನು ಸತ್ತರೆ ಹೊಳೆಗೆ ಬಿಡಿ. ಗದ್ದುಗೆ ಕಟ್ಟಬೇಡಿ. ಕಟ್ಟಿದರೆ ಅದರ ಪಕ್ಕ ಒಬ್ಬ ಬಂದು ಕೂರುತ್ತಾನೆ. ಜನ ಅವನ ಕಾಲಿಗೆ ಬೀಳುತ್ತಾರೆ. ನಾನು ಹೇಳಿದ್ದು ಅಲ್ಲಿಗೆ ಮುಗಿಯಿತು.'

ಫಕೀರೇಶ ಮೂರು ಸಲ ಓದಿದ.

ವಿವರದ ಜಾಗವನ್ನು ಖಾಲಿ ಬಿಟ್ಟರೆ ಸಾಕಿತ್ತು. ಕಡತ ಕಂಪ್ಯೂಟರಿನ ಡಬ್ಬಿಯೊಳಗೇ ಇರುತ್ತದೆ, ಪಟ್ಟಿಯಲ್ಲಿ ಕಾಣುವುದಿಲ್ಲ, ಯಾವನಿಗೂ ಗೊತ್ತಾಗುವುದಿಲ್ಲ. ನಾಳೆಯೇ ಪಟ್ಟಿ ಮುಗಿಯುತ್ತದೆ. ಇದನ್ನು ಒಯ್ದು ತೋರಿಸಿದರೆ, 'ನಡಿ ಊರಿಗೆ' ಎಂದರೂ ಅಂದಾರು. ಒಂಬತ್ತು ತಿಂಗಳು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಮುಂದಿನ ಕಡತಕ್ಕೆ ಹೋಗುವ ಗುಂಡಿಯ ಮೇಲೆ ಬೆರಳಿಟ್ಟ. ಬೆರಳು ಒತ್ತಲಿಲ್ಲ. ಎಂಥ ಕರ್ಮ ಎಂದು ಬೈದುಕೊಂಡ. ಪ್ರಿಂಟರಿನಲ್ಲಿ ಆ ಹಾಳೆಯನ್ನು ಕರಕರ ತೆಗೆದು, ಸೀದಾ ಅಂಗಳಕ್ಕೆ ನಡೆದ.

ಅಜ್ಜಾರು ಗದ್ದುಗೆಯ ಪಕ್ಕ ಕೂತು ಸಮೆ ಎಂಬ ದೀಪದ ಕಂಬ ತಿಕ್ಕುತ್ತಿದ್ದರು.

"ಇದಕ್ಕ ಏನಂತ ವಿವರಾ ಬರೀಲ್ರಿ?"

ಅಜ್ಜಾರು ಹಾಳೆ ಓದಿದರು.

"ಇದು ಖರೆ ಆದ್ರ ನೀವು ಅಲ್ಲಿ ಕುಂತಿದ್ದು ತಪ್ಪು. ಸುಳ್ಳಾದ್ರ, ಸುಳ್ಳ ಬರದವರ ಗದ್ದಗಿಗೆ ಕಾಯಿ ಯಾಕ ಒಡಸ್ತೀರಿ? ಎರಡರಾಗ ಒಂದ ಹೇಳ್ರಿ!"

ದನಿ ಏರಿತ್ತು. ಗುರುಗಳ ಮುಂದೆ ಅವನು ಹಾಗೆ ಕೂಗಿದ್ದು ಅದೇ ಮೊದಲು.

"ಇದನ್ನ ಮುಚ್ಚಿಡಾಕ ಬರತಿತ್ತೇನು?" ಎಂದು ಕೇಳಿದರು ಅಜ್ಜಾರು.

"ಬರತಿತ್ರಿ. ಖಾಲಿ ಬಿಟ್ರ ಮುಗೀತು."

"ಯಾಕ ಬಿಡಲಿಲ್ಲ?"

"ಬಿಡಬೇಕಂತ ಮಾಡಿದ್ದೆ. ಆಗಲಿಲ್ರಿ."

ಅಜ್ಜಾರು ಸಮೆಯನ್ನು ಕೆಳಗಿಟ್ಟರು.

"ನನ್ನ ಗುರುಗಳು ಈ ಓಲಿ ಕೊಟ್ಟಾಗ ನನಗೂ ನಿನ್ನ ವಯಸ್ಸು. ನಾನೂ ಓದಿದೆ."

"ಓದಿ ಏನ ಮಾಡಿದ್ರಿ?"

"ಮತ್ತ ದಾರ ಸುತ್ತಿ ಮ್ಯಾಲ ಇಟ್ಟೆ. ಬಂದು ಇಲ್ಲಿ ಕುಂತೆ. ನಲವತ್ತ ವರ್ಷ ಆತು."

ಫಕೀರೇಶನ ಸಿಟ್ಟು ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ. ಮುದುಕರ ಮುಖ ನೋಡಲಾರದೆ ಹಾಳೆಯತ್ತ ನೋಡಿದ.

"ವಿವರಾ ಏನ ಬರೀಲ್ರಿ ಅಜ್ಜಾರ?"

"ಅವರು ಅಂದದ್ದನ್ನ ಬರಿ."

"ಫೋನ್ ಹಚ್ಚಿದವರೆಲ್ಲಾ ಓದತಾರ್ರಿ."

"ಓದಲಿ."

"ಸೋಮವಾರ ಜನಾ ಕೇಳತಾರ್ರಿ."

"ಕೇಳಲಿ."

ಅಜ್ಜಾರು ಗದ್ದುಗೆಯ ಅಂಚು ಹಿಡಿದು ಎದ್ದರು. ಗದ್ದುಗೆಯ ಪಕ್ಕದ ತಮ್ಮ ಜಾಗ ಬಿಟ್ಟು, ನಾಲ್ಕು ಮೆಟ್ಟಿಲು ಇಳಿದು, ಅಂಗಳದ ಬರಿಯ ಕಲ್ಲಿನ ಮೇಲೆ ಶಿಷ್ಯನ ಎದುರು ಕೂತರು.

"ಇನ್ನೂ ಮೂರು ಉಳದಾವ್ರಿ," ಎಂದ ಫಕೀರೇಶ, ಬೇರೇನು ಹೇಳಬೇಕೋ ತೋಚದೆ. "ಪಟ್ಟಿ ಆಗಿಲ್ರಿ."

ಅಜ್ಜಾರು ಹಾಳೆಯನ್ನು ಅವನ ಕೈಗೆ ಮರಳಿ ಕೊಟ್ಟರು.

"ನೀ ಕೇಳಿದ್ದಕ್ಕ ಉತ್ತರ ನನ್ನ ಕಡೆ ಇಲ್ಲ. ಕೂಡು. ನೀ ಓದು, ನಾ ಕೇಳತೇನಿ."